ಸಹಾಯ ಬೇಕು: "ಕ್ವೈಟ್ ಗುಡ್" ಅಂದರೆ ಹೊಗಳಿಕೆಯಾ, ಪರವಾಗಿಲ್ಲ ಅಂತನಾ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮದೊಂದು ಚಿಕ್ಕ ಕಾಫಿ ತೋಟ ಇದೆ. ಈ ಸಲದ ಅರೇಬಿಕಾ ಸ್ಯಾಂಪಲ್ಲನ್ನು ಲಂಡನ್ನಿನ ಖರೀದಿದಾರರೊಬ್ಬರಿಗೆ ಕಳಿಸಿದ್ದೆ. ಮೇಲ್ ಬಂದಿದೆ. ರುಚಿ "ಕ್ವೈಟ್ ಗುಡ್", ಪರಿಮಳ "ಕ್ವೈಟ್ ಯೂನಿಕ್" ಅಂತೆ. ಬೆಲೆ ಎಷ್ಟು ಅಂತಲೂ ಕೇಳಿದ್ದಾರೆ.

ಅಮೆರಿಕದಲ್ಲಿರುವ ಅಕ್ಕನ ಮಗ "ಮಾವ, ಅದು ತುಂಬಾ ಚೆನ್ನಾಗಿದೆ ಅಂತ, ಧೈರ್ಯವಾಗಿ ರೇಟ್ ಹೇಳಿ" ಅಂದ. ಇಲ್ಲಿನ ಇಂಗ್ಲಿಷ್ ಮೇಷ್ಟ್ರು ಒಪ್ಪಲಿಲ್ಲ. ಬ್ರಿಟಿಷರು "ಕ್ವೈಟ್ ಗುಡ್" ಅಂದರೆ ಎಷ್ಟೋ ಸಲ "ಪರವಾಗಿಲ್ಲ" ಅಂತಷ್ಟೇ ಅರ್ಥವಂತೆ. ಡಿಕ್ಷನರಿ ತೆಗೆದರೆ "ಕ್ವೈಟ್" ಪದಕ್ಕೆ "ಪೂರ್ತಿ" ಅಂತಲೂ ಇದೆ, "ತಕ್ಕಮಟ್ಟಿಗೆ" ಅಂತಲೂ ಇದೆ! "ಕ್ವೈಟ್ ಇಂಪಾಸಿಬಲ್" ಅಂದರೆ ಸಾಧ್ಯವೇ ಇಲ್ಲ. "ಕ್ವೈಟ್ ಎ ಫ್ಯೂ" ಅಂದರೆ ಬಹಳಷ್ಟು. ಫ್ಯೂ ಅಂದರೆ ಕೆಲವೇ ಅಲ್ವಾ? ಇದ್ಯಾವ ಲೆಕ್ಕವೋ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಚೆನ್ನಾಗಿರುವುದರಲ್ಲಿ ಹೆಚ್ಚು ಕಡಿಮೆ ಇರುತ್ತೆ, ಹಾಗಾಗಿ "ಗುಡ್" ಜೊತೆ ಬಂದರೆ "ತಕ್ಕಮಟ್ಟಿಗೆ". ಯೂನಿಕ್ ಅಂದರೆ ಒಂದೇ ಒಂದು, ಅಲ್ಲಿ "ಪೂರ್ತಿ". ಇದು ಮೇಷ್ಟ್ರ ವಿವರಣೆ. ಒಂದೇ ಸಾಲಿನಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಇಟ್ಟು ಯಾರಾದರೂ ಬರೀತಾರಾ? ಮಾತಿನಲ್ಲಾದರೆ "ಕ್ವೈಟ್" ಮೇಲೆ ಒತ್ತು ಬಿದ್ದರೆ ಅರೆಮನಸ್ಸು, "ಗುಡ್" ಮೇಲೆ ಬಿದ್ದರೆ ಮೆಚ್ಚುಗೆ ಅಂತ ಹಿಡಿಯಬಹುದಂತೆ. ಮೇಲ್‌ನಲ್ಲಿ ಒತ್ತು ಎಲ್ಲಿ ಹುಡುಕಲಿ?

ಇಂಗ್ಲೆಂಡಿನಲ್ಲಿ ಇದ್ದವರು, ಅಲ್ಲಿನವರ ಜೊತೆ ವ್ಯವಹಾರ ಮಾಡಿದವರು ದಯವಿಟ್ಟು ಹೇಳಿ: ಅವರಿಗೆ ಕಾಫಿ ನಿಜಕ್ಕೂ ಇಷ್ಟವಾಗಿದೆಯಾ, ಇಲ್ಲ ಸುಮ್ನೆ ಮರ್ಯಾದೆಗೆ ಬರೆದಿದ್ದಾರಾ?