ಪಾದದ ಹೆಚ್ಚುವರಿ ಮೂಳೆ: ಶಸ್ತ್ರಚಿಕಿತ್ಸೆ ಯಾವಾಗ ಬೇಕಾಗುತ್ತದೆ?

ಪ್ರಶ್ನೆ:
ಹದಿನಾಲ್ಕು ವರ್ಷದ ನನ್ನ ಮಗಳ ಪಾದದ ಒಳಬದಿಯಲ್ಲಿ, ಗಿಣ್ಣಿಗಿಂತ ಸ್ವಲ್ಪ ಕೆಳಗೆ ಮತ್ತು ಮುಂದೆ, ಗಟ್ಟಿಯಾದ ಉಬ್ಬೊಂದಿದೆ. ಓಡಿದಾಗಲೂ ಬಿಗಿಯಾದ ಶೂ ಧರಿಸಿದಾಗಲೂ ಅಲ್ಲಿ ನೋವು ಹೆಚ್ಚುತ್ತದೆ. ಪಾದದ ಒಳಬದಿಯ ನಡುಭಾಗದಲ್ಲಿರುವ ನ್ಯಾವಿಕ್ಯುಲರ್ ಎಂಬ ಸಣ್ಣ ಮೂಳೆಯ ಪಕ್ಕದಲ್ಲಿ ಎರಡನೆಯ ಬಗೆಯ ಹೆಚ್ಚುವರಿ ಮೂಳೆ ಇದೆ ಎಂದು ಎಕ್ಸ್‌ರೇ ವರದಿ ಹೇಳುತ್ತದೆ. ಅದನ್ನು ತೆಗೆಸಲೇಬೇಕೇ?

ಉತ್ತರ 1 (ಮೂಳೆ ತಜ್ಞ):
ಎಕ್ಸ್‌ರೇಯಲ್ಲಿ ಮೂಳೆ ಕಂಡಿತೆಂಬ ಒಂದೇ ಕಾರಣಕ್ಕೆ ಅದನ್ನು ತೆಗೆಯುವುದಿಲ್ಲ. ಇಂತಹ ಮೂಳೆ ಇರುವ ಹೆಚ್ಚಿನವರಿಗೆ ಜೀವಮಾನವಿಡೀ ಯಾವ ತೊಂದರೆಯೂ ಆಗುವುದಿಲ್ಲ. ಇದರಲ್ಲಿ ಮೂರು ಬಗೆಗಳಿವೆ: ಮೊದಲ ಬಗೆಯದು ಸ್ನಾಯುರಜ್ಜುವಿನೊಳಗೆ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರಿನೊಳಗೆ) ಹುದುಗಿದ ಸಣ್ಣ ತುಣುಕು, ಮೂರನೆಯದು ಮುಖ್ಯ ಮೂಳೆಗೆ, ಅಂದರೆ ನ್ಯಾವಿಕ್ಯುಲರ್‌ಗೆ, ಪೂರ್ತಿ ಬೆಸೆದುಕೊಂಡದ್ದು. ಎರಡನೆಯದು ಮಾತ್ರ ಮೃದ್ವಸ್ಥಿಯ ಮೂಲಕ ಮುಖ್ಯ ಮೂಳೆಗೆ ಅಂಟಿಕೊಂಡಿರುತ್ತದೆ. ಪಾದದ ಕಮಾನನ್ನು ಎತ್ತಿಹಿಡಿಯುವ ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುರಜ್ಜು ಪ್ರತಿ ಹೆಜ್ಜೆಗೂ ಆ ತುಣುಕನ್ನು ಎಳೆಯುವುದರಿಂದ ಆ ಸಂಧಿಗೆ ಪೆಟ್ಟಾಗಿ ನೋವು ಹುಟ್ಟುತ್ತದೆ. ಉಬ್ಬಿನ ಮೇಲೆ ಒತ್ತಿದಾಗ ಅದೇ ನೋವು ಮರುಕಳಿಸುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಸಂದೇಹವಿದ್ದರೆ ಎಂಆರ್‌ಐ ಮಾಡಿಸಬಹುದು. ಸಂಧಿಯ ಎರಡೂ ಬದಿಯ ಮೂಳೆಯಲ್ಲಿ ಊತ ಕಂಡರೆ ನೋವಿನ ಮೂಲ ಅದೇ ಎಂಬುದಕ್ಕೆ ಬಲ ಬರುತ್ತದೆ.

ಉತ್ತರ 2 (ಫಿಸಿಯೋಥೆರಪಿಸ್ಟ್):
ಮೊದಲು ಓಟ, ಜಿಗಿತಗಳನ್ನು ನಿಲ್ಲಿಸಿ, ಕಮಾನಿಗೆ ಆಸರೆ ನೀಡುವ ಇನ್ಸೋಲ್ ಮತ್ತು ಅಗಲವಾದ ಶೂ ಬಳಸಲಿ. ನೋವು ತೀವ್ರವಾಗಿದ್ದರೆ ಕೆಲವು ವಾರ ಪ್ಲಾಸ್ಟರ್ ಅಥವಾ ವಾಕಿಂಗ್ ಬೂಟ್ ಹಾಕಿ, ನಂತರ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ ಆರಂಭಿಸುತ್ತಾರೆ. ನೋವು ತುಸು ತಗ್ಗಿದ ಕೂಡಲೇ ಆಟಕ್ಕೆ ಮರಳುವುದೇ ಮಕ್ಕಳ ವಿಷಯದಲ್ಲಿ ದೊಡ್ಡ ತೊಡಕು.

ಪ್ರಶ್ನೆ ಕೇಳಿದವರು:
ಇಷ್ಟಾದರೂ ಗುಣವಾಗದಿದ್ದರೆ? ಅವಳ ಪಾದ ಚಪ್ಪಟೆಯೂ ಆಗಿದೆ.

ಉತ್ತರ 1:
ಹಲವು ತಿಂಗಳ ಆರೈಕೆಯ ನಂತರವೂ ನೋವು ಉಳಿದರೆ ಶಸ್ತ್ರಚಿಕಿತ್ಸೆ ಸಮಂಜಸ. ಹೆಚ್ಚುವರಿ ಮೂಳೆಯನ್ನು ತೆಗೆದು, ಉಬ್ಬನ್ನು ಸಮಗೊಳಿಸಿ, ಸ್ನಾಯುರಜ್ಜು ಸಡಿಲವಾಗಿದ್ದರೆ ಅದನ್ನು ಮುಖ್ಯ ಮೂಳೆಗೆ ಮತ್ತೆ ಭದ್ರಪಡಿಸುತ್ತಾರೆ. ತುಣುಕು ದೊಡ್ಡದಾಗಿದ್ದರೆ ತೆಗೆಯುವ ಬದಲು ಸ್ಕ್ರೂ ಹಾಕಿ ಬೆಸೆಯುವ ವಿಧಾನವೂ ಇದೆ. ಆದರೆ ಮೂಳೆ ತೆಗೆದ ಮಾತ್ರಕ್ಕೆ ಚಪ್ಪಟೆ ಪಾದ ಸರಿಹೋಗುತ್ತದೆಂದು ನಂಬಬೇಡಿ. ಅದು ತೀವ್ರವಾಗಿದ್ದರೆ ಬೇರೆಯೇ ತಿದ್ದುಪಡಿ ಬೇಕಾಗಬಹುದು, ಹಾಗಾಗಿ ಆ ವಿಷಯವನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರೊಂದಿಗೆ ಚರ್ಚಿಸಿ. ಸ್ನಾಯುರಜ್ಜುವನ್ನು ಮರುಜೋಡಿಸಿದರೆ ಕೆಲವು ವಾರ ಕಾಲೂರದೆ ಊರುಗೋಲು ಬಳಸಬೇಕು, ಆಟಕ್ಕೆ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಗಾಯದ ಸುತ್ತ ಮರಗಟ್ಟುವಿಕೆ, ಸೋಂಕು, ನೋವು ಪೂರ್ತಿ ಹೋಗದಿರುವುದು ಇವು ಮುಖ್ಯ ಅಪಾಯಗಳು.