‘ಆರ್ಥಿಕ ಆಡಳಿತ’ ಎಂದರೆ ಆಡಳಿತ ಯಾರದು?

ಪದಚರ್ಚೆಯ ಮಿತ್ರರಿಗೆ ನಮಸ್ಕಾರ.

ಐರೋಪ್ಯ ಒಕ್ಕೂಟದ ಹಣಕಾಸು ವ್ಯವಸ್ಥೆಯನ್ನು ಕುರಿತ ದೀರ್ಘ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಎಕನಾಮಿಕ್ ಗವರ್ನೆನ್ಸ್’ ಎಂಬ ಜೋಡಿಪದ ಅದರಲ್ಲಿ ಪುಟಪುಟಕ್ಕೂ ಬರುತ್ತದೆ. ಮೊದಲ ಕರಡಿನಲ್ಲಿ ‘ಆರ್ಥಿಕ ಆಡಳಿತ’ ಎಂದೇ ಬರೆಯುತ್ತಾ ಹೋದೆ. ತಿದ್ದಲು ಕುಳಿತಾಗ, ಈ ಒಂದು ಪದವೇ ಲೇಖನ ಹೇಳುವುದಕ್ಕೆ ವಿರುದ್ಧವಾದ ಅರ್ಥವನ್ನು ಕೊಡುತ್ತಿದೆ ಎನ್ನಿಸಿತು.

‘ಆಡಳಿತ’ ಎಂದೊಡನೆ ನಮ್ಮ ಓದುಗರು ಆಡಳಿತ ನಡೆಸುವವರನ್ನು ಹುಡುಕುತ್ತಾರೆ. ಯೂರೊ ವಲಯಕ್ಕೆ, ಅಂದರೆ ಒಕ್ಕೂಟದಲ್ಲಿ ಯೂರೊ ಹಣ ಬಳಸುವ ದೇಶಗಳ ಗುಂಪಿಗೆ, ತನ್ನದೇ ಆದ ಸರ್ಕಾರವಿಲ್ಲ, ಹಣಕಾಸು ಸಚಿವರಿಲ್ಲ, ಖಜಾನೆಯಿಲ್ಲ. ಇಡೀ ಒಕ್ಕೂಟದ ಬಜೆಟ್ಟೇ 27 ದೇಶಗಳ ಒಟ್ಟು ವರಮಾನದ ಶೇ 1ರ ಆಸುಪಾಸಿನಲ್ಲಿದೆ. ತೆರಿಗೆ ಎತ್ತುವುದು, ಪಿಂಚಣಿ ಕೊಡುವುದು, ಸಾಲ ತರುವುದು ಆಯಾ ದೇಶದ ಸರ್ಕಾರದ ಕೆಲಸ. ತೆರಿಗೆಯ ಬಗ್ಗೆ ಎಲ್ಲರಿಗೂ ಅನ್ವಯಿಸುವ ಕಾನೂನು ಬೇಕಾದರೆ ಸರ್ವಾನುಮತ ಬೇಕು. (ಇದನ್ನು ಕೆಲವರು ‘ಒಮ್ಮತ’ ಎಂದು ಬರೆಯುತ್ತಾರೆ. ದಯವಿಟ್ಟು ಬೇಡ. ಒಮ್ಮತ ಮಾತುಕತೆಯಿಂದ ಮೂಡುವಂಥದ್ದು, ಸರ್ವಾನುಮತ ಮತದಾನದ ನಿಯಮ. ಒಂದು ದೇಶ ವಿರುದ್ಧ ಮತ ಹಾಕಿದರೂ ಕಾನೂನು ಬಿದ್ದುಹೋಗುತ್ತದೆ.)

ಹಾಗಾದರೆ ಲೇಖನ ‘ಗವರ್ನೆನ್ಸ್’ ಎನ್ನುತ್ತಿರುವುದು ಯಾವುದನ್ನು? 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಈ ದೇಶಗಳು ತಮಗೆ ತಾವೇ ಎರಡು ಗೆರೆ ಎಳೆದುಕೊಂಡವು: ಬಜೆಟ್ ಕೊರತೆ ಜಿಡಿಪಿಯ ಶೇ 3ನ್ನು ಮೀರಬಾರದು, ಸಾರ್ವಜನಿಕ ಸಾಲ ಶೇ 60ನ್ನು ಮೀರಬಾರದು. ಗೆರೆ ದಾಟಿದವರನ್ನು ವಿಚಾರಿಸುವ ಕ್ರಮವನ್ನು 1997ರ ಸ್ಥಿರತೆ ಮತ್ತು ಬೆಳವಣಿಗೆಯ ಒಡಂಬಡಿಕೆ ವಿವರವಾಗಿ ಗೊತ್ತುಪಡಿಸಿತು. ಆದರೆ ವಿಚಾರಿಸುವವರು ಯಾರು? ಸದಸ್ಯ ದೇಶಗಳ ಹಣಕಾಸು ಸಚಿವರೇ ಕುಳಿತ ಮಂಡಳಿ. 2003ರಲ್ಲಿ ಜರ್ಮನಿ ಮತ್ತು ಫ್ರಾನ್ಸ್ ಎರಡೂ ಗೆರೆಯಾಚೆ ಇದ್ದವು. ನವೆಂಬರಿನಲ್ಲಿ ಮಂಡಳಿ ಅವುಗಳ ಮೇಲಿನ ಕ್ರಮವನ್ನು ತಡೆಹಿಡಿಯಿತು. ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಒಕ್ಕೂಟದ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷದ ಜುಲೈನಲ್ಲಿ ನ್ಯಾಯಾಲಯ ಮಂಡಳಿಯ ತೀರ್ಮಾನವನ್ನು ರದ್ದುಪಡಿಸಿತು. 2005ರಲ್ಲಿ ನಿಯಮಗಳನ್ನೇ ಸಡಿಲಿಸಲಾಯಿತು. 2011ರಲ್ಲಿ ಮತ್ತೆ ಬಿಗಿಗೊಳಿಸಿದ ಮೇಲೂ, 2016ರಲ್ಲಿ ಸ್ಪೇನ್ ಮತ್ತು ಪೋರ್ಚುಗಲ್‌ಗಳ ಮೇಲಿನ ದಂಡವನ್ನು ಸೊನ್ನೆ ಯೂರೊ ಎಂದು ನಿಗದಿಪಡಿಸಲಾಯಿತು.

ಇದನ್ನೆಲ್ಲ ‘ಆಡಳಿತ’ ಎಂದು ಕರೆದರೆ, ಓದುಗರು ‘ಎಂಥ ಕೈಲಾಗದ ಆಡಳಿತ’ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ. ಅಲ್ಲಿ ನಡೆಯುತ್ತಿರುವುದು ಸಮಾನರು ತಮ್ಮಂಥ ಸಮಾನರನ್ನೇ ಮಾತಿಗೆ ಕಟ್ಟಿಹಾಕಲು ಪಡುತ್ತಿರುವ ಪಾಡು. ಆ ಕಷ್ಟ ಕನ್ನಡದಲ್ಲಿ ಕಾಣಿಸಬೇಕು ಎಂಬುದು ನನ್ನ ಆಸೆ.

‘ನಿರ್ವಹಣೆ’ಯನ್ನು ಹಾಕಿ ನೋಡಿದೆ. ಅದು ಸಂಸ್ಥೆ ನಡೆಸುವವರ ಮಾತಾಯಿತು. ‘ಮೇಲ್ವಿಚಾರಣೆ’ಯಲ್ಲಿ ‘ಮೇಲು’ ಇದೆ, ಇಲ್ಲಿ ಯಾರೂ ಮೇಲಿಲ್ಲ. ಕೊನೆಗೆ ಮನಸ್ಸು ನಿಂತದ್ದು ‘ಕಟ್ಟುಪಾಡು’ ಎಂಬಲ್ಲಿ. ಒಂದು ಗುಂಪಿನವರು ಕೂಡಿ ತಮ್ಮ ಮೇಲೆ ತಾವೇ ಹಾಕಿಕೊಂಡದ್ದು, ಮೀರಿದವರನ್ನು ಆ ಗುಂಪೇ ಕೇಳುವಂಥದ್ದು. ‘ಹಣಕಾಸು ಕಟ್ಟುಪಾಡು’ ಎಂದಾಗ 2003ರ ಘಟನೆ ತಾನೇ ತಾನಾಗಿ ಅರ್ಥವಾಗುತ್ತದೆ.

ಆದರೂ ಎರಡು ತೊಡಕುಗಳಿವೆ. ಈಗಿನ ಬರಹದಲ್ಲಿ ಕಟ್ಟುಪಾಡು ಎಂದರೆ ಉಸಿರುಗಟ್ಟಿಸುವಂಥದ್ದು, ಮುರಿದು ಹೊರಬರಬೇಕಾದದ್ದು. ವೆಚ್ಚ ಕಡಿತದ ವಿರುದ್ಧ ಅಥೆನ್ಸಿನ ಬೀದಿಗಿಳಿದವರಿಗೆ ಅದು ಹಾಗೆಯೇ ಕಂಡಿತ್ತು, ನಿಜ. ಆದರೆ ಅನುವಾದಕ ಪದದ ಮೂಲಕ ಪಕ್ಷ ವಹಿಸಬಾರದಲ್ಲವೇ?

ಎರಡನೆಯದು ಇನ್ನೂ ಗಟ್ಟಿಯಾದ ತೊಡಕು. ಲೇಖನ ಫ್ರಾಂಕ್‌ಫರ್ಟಿನ ಐರೋಪ್ಯ ಕೇಂದ್ರ ಬ್ಯಾಂಕನ್ನೂ ಇದೇ ಪದದಡಿ ತರುತ್ತದೆ. ಯೂರೊ ವಲಯಕ್ಕೆಲ್ಲ ಬಡ್ಡಿದರ ಗೊತ್ತುಮಾಡುವುದು ಆ ಬ್ಯಾಂಕು. ಯಾವ ಸರ್ಕಾರವೂ ಅದಕ್ಕೆ ಹೀಗೆ ಮಾಡು ಎಂದು ಹೇಳುವಂತಿಲ್ಲ. 2012ರ ಜುಲೈ 26ರಂದು ಅದರ ಅಧ್ಯಕ್ಷ ಮಾರಿಯೊ ದ್ರಾಗಿ, ಯೂರೊ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು ಲಂಡನ್ನಿನಲ್ಲಿ ಹೇಳಿದ್ದೇ ತಡ, ಸ್ಪೇನ್ ಮತ್ತು ಇಟಲಿಯ ಸಾಲದ ಮೇಲಿನ ಬಡ್ಡಿ ಇಳಿಯತೊಡಗಿತು. ಅದು ಕಟ್ಟುಪಾಡಲ್ಲ, ಆಡಳಿತವೇ. ಹಣ ಒಂದು ಕೈಯಲ್ಲಿ, ಬಜೆಟ್ಟುಗಳು ಹತ್ತಾರು ಕೈಗಳಲ್ಲಿ. ಲೇಖನದ ಮುಖ್ಯ ಚಿಂತೆಯೇ ಇದು. ಇಂಗ್ಲಿಷ್ ಪದ ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ. ಅದರ ಬೇರು ಹಡಗು ನಡೆಸುವುದು ಎಂಬ ಗ್ರೀಕ್ ಮಾತಿನಲ್ಲಿದೆ, ಆದ್ದರಿಂದ ಅದಕ್ಕೆ ಆ ಸಡಿಲತೆ ಸಲ್ಲುತ್ತದೆ. ನಮ್ಮಲ್ಲೂ ‘ಚುಕ್ಕಾಣಿ’ ಇದೆ, ಆದರೆ ‘ಚುಕ್ಕಾಣಿ ಹಿಡಿದರು’ ಎಂದು ಬರೆದು ಬರೆದು ಅದು ಅಧಿಕಾರಕ್ಕೇರುವುದು ಎಂದೇ ಆಗಿಬಿಟ್ಟಿದೆ. ಹಣದ ವಿಷಯಕ್ಕೆ ‘ಆಡಳಿತ’, ಬಜೆಟ್ಟಿನ ವಿಷಯಕ್ಕೆ ‘ಕಟ್ಟುಪಾಡು’ ಎಂದು ಸಂದರ್ಭ ನೋಡಿ ಬೇರ್ಪಡಿಸಬಹುದೇ? ಒಂದು ಮೂಲಪದಕ್ಕೆ ಒಂದೇ ಸಾಟಿಪದ ಇರಬೇಕು ಎನ್ನುವವರ ವಾದವನ್ನು ನಾನು ಬಲ್ಲೆ. ಇಲ್ಲಿ ಆ ನಿಯಮ ಓದುಗರಿಗೆ ಅನ್ಯಾಯ ಮಾಡುತ್ತದೆ ಎಂದೇ ನನ್ನ ಭಾವನೆ.

ಇನ್ನೆರಡು ಪದಗಳನ್ನು ಬೇಗ ಕೇಳಿಬಿಡುತ್ತೇನೆ. ಸಾಲದ ಸುಳಿಗೆ ಸಿಕ್ಕ ದೇಶವನ್ನು ಹಣ ಕೊಟ್ಟು ಪಾರುಮಾಡುವ ‘ಬೇಲ್‌ಔಟ್’ಗೆ ‘ಪರಿಹಾರ’ ಎಂದು ಬರೆಯುವುದು ರೂಢಿ. ಪರಿಹಾರವೆಂದರೆ ಹಿಂದಿರುಗಿಸಬೇಕಿಲ್ಲದ ಹಣ. 2010ರಲ್ಲಿ ಗ್ರೀಸಿಗೆ ಗೊತ್ತಾದ 11,000 ಕೋಟಿ ಯೂರೊ ಸಾಲವಾಗಿತ್ತು, ಷರತ್ತುಗಳಿಂದ ಬಿಗಿದ ಸಾಲ. ಒಂದು ದೇಶದ ಸಾಲವನ್ನು ಇನ್ನೊಂದು ದೇಶವಾಗಲಿ ಒಕ್ಕೂಟವಾಗಲಿ ತನ್ನ ತಲೆಗೆ ಕಟ್ಟಿಕೊಳ್ಳಬಾರದು ಎಂದು ಒಕ್ಕೂಟದ ಕಾರ್ಯನಿರ್ವಹಣೆಯ ಒಪ್ಪಂದದ 125ನೇ ವಿಧಿಯೇ ಹೇಳುತ್ತದೆ. ‘ಆಪತ್ಸಾಲ’ ಎಂಬ ಪದ ನನಗೆ ಹೊಳೆದಿದೆ.

2020ರಲ್ಲಿ ಕೋವಿಡ್ ಚೇತರಿಕೆಗೆಂದು ಒಪ್ಪಿಕೊಂಡ 75,000 ಕೋಟಿ ಯೂರೊ ನಿಧಿಯನ್ನು ‘ಜಂಟಿ ಸಾಲ’ ಎಂದು ಬರೆಯಬಹುದೇ ಎಂಬುದೂ ಅನುಮಾನ. ಜಂಟಿ ಸಾಲದಲ್ಲಿ ಒಬ್ಬ ಕೈಕೊಟ್ಟರೆ ಜೊತೆಗಾರನೇ ಪೂರ್ತಿ ತೀರಿಸಬೇಕು. ಇಲ್ಲಿ ಒಕ್ಕೂಟದ ಪರವಾಗಿ ಆಯೋಗ ಸಾಲ ಎತ್ತಿದೆ, ಒಕ್ಕೂಟದ ಬಜೆಟ್ಟಿನ ಬಲದ ಮೇಲೆ 2058ರೊಳಗೆ ತೀರಿಸಬೇಕು, ಒಂದೊಂದು ದೇಶವೂ ಪೂರ್ತಿ ಮೊತ್ತಕ್ಕೆ ಜಾಮೀನು ನಿಂತಿಲ್ಲ. ‘ಒಕ್ಕೂಟದ ಸಾಲ’ ಎಂದರೆ ಸಾಕೆನಿಸುತ್ತದೆ.

ಮುಖ್ಯ ಪ್ರಶ್ನೆ ಮಾತ್ರ ಕಟ್ಟುಪಾಡಿನದು. ಸಂಪ್ರದಾಯದ ವಾಸನೆಯಿಲ್ಲದೆ, ಸಮಾನರು ಕೂಡಿ ಕಟ್ಟಿಕೊಂಡ ನಿಯಮ ಎಂಬರ್ಥದಲ್ಲಿ ಈ ಪದವನ್ನು ಅಥವಾ ಅದರ ನೆಂಟನಾದ ‘ಕಟ್ಟಳೆ’ಯನ್ನು ಈಚಿನ ಗದ್ಯದಲ್ಲಿ ಯಾರಾದರೂ ಬಳಸಿದ್ದನ್ನು ಕಂಡಿದ್ದರೆ, ಆ ವಾಕ್ಯವನ್ನು ಪೂರ್ತಿಯಾಗಿ ಬರೆದು ಕಳುಹಿಸುವಿರಾ?