ಚಳಿಗಾಲದ ಕಾರ್ಯಕ್ರಮ: ಹೊಸ ಸದಸ್ಯರನ್ನು ನೇರವಾಗಿ ಹಿಮಕ್ಕೆ ಕರೆದೊಯ್ಯಬಹುದೇ?

ಪ್ರಶ್ನೆ (ಧಾರವಾಡದಿಂದ, ಸಂಘವೊಂದರ ಕಾರ್ಯದರ್ಶಿ)

ಮಾನ್ಯರೇ,

ಧಾರವಾಡದಲ್ಲಿ ನಾವು ಕೆಲವು ಗೆಳೆಯರು ಸೇರಿ ನಡೆಸುತ್ತಿರುವ ಪರ್ವತಾರೋಹಣ ಸಂಘಕ್ಕೆ ಈ ದೀಪಾವಳಿಗೆ ಎರಡು ವರ್ಷ ತುಂಬಿತು. ಸದಸ್ಯರಲ್ಲಿ ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು, ಉಳಿದವರು ನನ್ನಂತೆ ನೌಕರಿಯಲ್ಲಿರುವವರು. ಮಳೆಗಾಲದಲ್ಲಿ ದಾಂಡೇಲಿ, ಉಳವಿಯ ಕಡೆಗೆ ನಡೆದು ಬಂದದ್ದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಅನುಭವ ನಮ್ಮಲ್ಲಿ ಯಾರಿಗೂ ಇಲ್ಲ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾರ್ಯಕ್ರಮವನ್ನು ಗೊತ್ತುಮಾಡಲು ಕಳೆದ ಭಾನುವಾರ ಸಭೆ ಸೇರಿದಾಗ ಹದಿನಾಲ್ಕು ಜನ ಒಂದೇ ಮಾತು ಹಿಡಿದರು: ಕ್ರಿಸ್‌ಮಸ್ ರಜೆಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗಬೇಕು, ಹಿಮದಲ್ಲಿ ನಡೆಯಬೇಕು. ಅವರ ಉತ್ಸಾಹವನ್ನು ಕಂಡು ನನಗೂ ಸಂತೋಷವಾಯಿತು, ಆದರೆ ಹದಿನಾಲ್ಕು ಮನೆಗಳ ಮಕ್ಕಳ ಹೊಣೆ ನನ್ನ ಮೇಲೆ ಬೀಳುತ್ತದೆ ಎಂಬುದನ್ನು ನೆನೆದು ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಹಿಮವನ್ನೇ ಕಾಣದವರನ್ನು ಮೊದಲ ಬಾರಿಗೇ ಅಷ್ಟು ಎತ್ತರಕ್ಕೆ ಕರೆದೊಯ್ಯುವುದು ಸರಿಯೇ? ಸರಿಯಲ್ಲವಾದರೆ, ನಮ್ಮ ಸುತ್ತಮುತ್ತಲಿನ ಗುಡ್ಡಗಳಲ್ಲಿಯೇ ಚಳಿಗಾಲದ ಮೂರು ತಿಂಗಳು ಸಾರ್ಥಕವಾಗಿ ಏನು ಮಾಡಬಹುದು? ಇನ್ನೊಂದು ಸಣ್ಣ ವಿಷಯವೂ ಇದೆ. ಹಿರಿಯರೊಬ್ಬರು ಪ್ರೀತಿಯಿಂದ ಸಂಘಕ್ಕೆ ಎರಡು ಹಳೆಯ ಕ್ಲೈಂಬಿಂಗ್ ಹಗ್ಗಗಳನ್ನು ಕೊಟ್ಟಿದ್ದಾರೆ. ಅವುಗಳನ್ನು ಯಾವಾಗ ಕೊಂಡದ್ದು, ಎಷ್ಟು ಬಳಸಿದ್ದು ಎಂಬುದು ಅವರಿಗೂ ನೆನಪಿಲ್ಲ. ಅವುಗಳನ್ನು ಬಳಸಬಹುದೇ?

ಉತ್ತರ 1 (ಹುಬ್ಬಳ್ಳಿಯಿಂದ)

ಕಾರ್ಯದರ್ಶಿಯವರೇ, ನಿಮಗೆ ನಿದ್ದೆ ಹತ್ತದಿದ್ದದ್ದೇ ಒಳ್ಳೆಯ ಲಕ್ಷಣ. ಆರು ವರ್ಷಗಳ ಹಿಂದೆ ನಾನು ನಿದ್ದೆ ಕೆಡಿಸಿಕೊಳ್ಳದೆ ಎಂಟು ಜನರನ್ನು ಅದೇ ಕೇದಾರಕಂಠಕ್ಕೆ ಕರೆದೊಯ್ದಿದ್ದೆ.

ಕೇದಾರಕಂಠವನ್ನು ಸುಲಭದ ಚಾರಣ ಎಂದು ಎಲ್ಲರೂ ಹೇಳುತ್ತಾರೆ, ಹಿಮಾಲಯದ ಇತರ ದಾರಿಗಳೊಂದಿಗೆ ಹೋಲಿಸಿದರೆ ಆ ಮಾತು ಸುಳ್ಳೂ ಅಲ್ಲ. ಆದರೆ ನಮ್ಮ ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದ್ದರೆ, ಚಾರಣ ಆರಂಭವಾಗುವ ಸಾಂಕ್ರಿ ಗ್ರಾಮವೇ 1,900 ಮೀಟರಿಗಿಂತ ಎತ್ತರದಲ್ಲಿದೆ, ತುದಿಯಂತೂ ಸುಮಾರು 3,800 ಮೀಟರ್. ಡಿಸೆಂಬರ್ ಕೊನೆಯ ವಾರದಲ್ಲಿ ಅಲ್ಲಿ ಜನಜಂಗುಳಿ ವಿಪರೀತ. ನಾವು ತುದಿಗೆ ಹೊರಟದ್ದು ನಸುಕಿನ ಮೂರು ಗಂಟೆಗೆ. ಕಡಿದಾದ ಒಂದು ಏರಿನಲ್ಲಿ ಮುಂದಿನ ತಂಡಗಳು ನಿಂತುಬಿಟ್ಟದ್ದರಿಂದ ನಾವೂ ಮುಕ್ಕಾಲು ಗಂಟೆ ನಿಂತಲ್ಲೇ ನಿಲ್ಲಬೇಕಾಯಿತು. ನಮ್ಮಲ್ಲೊಬ್ಬ ಹುಡುಗ ಜಾಕೆಟಿನ ಒಳಗೆ ಹತ್ತಿಯ ಬನಿಯನ್ ಹಾಕಿಕೊಂಡಿದ್ದ. ಏರುವಾಗ ಬೆವರಿನಿಂದ ಅದು ತೊಯ್ದು, ನಿಂತಾಗ ಮೈಗೆ ಅಂಟಿಕೊಂಡು ತಣ್ಣಗಾಗಿತ್ತು. ದಾರಿಯುದ್ದಕ್ಕೂ ಹರಟುತ್ತಿದ್ದವನು ಮೌನವಾದ. ಬೂಟಿನ ದಾರ ಬಿಚ್ಚಿದೆ ಎಂದು ನಾನು ತೋರಿಸಿದಾಗ ಬಗ್ಗಿ ಕಟ್ಟಲು ಹೋದ, ಬೆರಳುಗಳು ದಾರವನ್ನು ಹಿಡಿಯಲೇ ಇಲ್ಲ. ಮತ್ತೆ ಮತ್ತೆ ಜಾರುತ್ತಿದ್ದ ಆ ದಾರವನ್ನು ಅವನು ಆಶ್ಚರ್ಯದಿಂದ ನೋಡುತ್ತ ಕುಳಿತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ನಮ್ಮನ್ನು ಕರೆದೊಯ್ದ ಸಂಸ್ಥೆಯ ಮಾರ್ಗದರ್ಶಿ ಇಪ್ಪತ್ತು ಜನರೊಂದಿಗೆ ಬಹಳ ಮುಂದೆ ಹೋಗಿದ್ದ. ನಾವೇ ಆ ಹುಡುಗನ ಒದ್ದೆ ಬಟ್ಟೆ ತೆಗೆದು, ಒಣಗಿದ್ದನ್ನು ತೊಡಿಸಿ, ಇಬ್ಬರು ಎರಡು ಕಡೆ ಹಿಡಿದು ಕೆಳಗೆ ಇಳಿಸಿದೆವು. ಎರಡು ಗಂಟೆಯ ಮೇಲೆ ಸರಿಹೋದ. ತಪ್ಪು ಆ ಹುಡುಗನದ್ದಲ್ಲ. ಹೊರಡುವ ಮುನ್ನ ಅವನ ಚೀಲವನ್ನು ಬಿಚ್ಚಿ ನೋಡದಿದ್ದದ್ದು ನನ್ನ ತಪ್ಪು.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ: ಈ ಡಿಸೆಂಬರ್‌ನಲ್ಲಿ ಹೋಗಬೇಡಿ. ಅಲ್ಲಿ ಮಾರ್ಚ್‌ವರೆಗೂ ಹಿಮ ಸಾಮಾನ್ಯವಾಗಿ ಇರುತ್ತದೆ, ಆಗ ಜನಜಂಗುಳಿಯೂ ಕಡಿಮೆ. ಅಲ್ಲಿಯ ಚಳಿಯನ್ನು ನಾವು ಧಾರವಾಡದಲ್ಲಿ ಅಭ್ಯಾಸ ಮಾಡಲಾಗದು ನಿಜ, ಆದರೆ ಕತ್ತಲಲ್ಲಿ ಹೆಡ್‌ಲ್ಯಾಂಪ್ ಬೆಳಕಿನಲ್ಲಿ ನಡೆಯುವುದು, ಎಂಟು ಕಿಲೋ ಹೊತ್ತುಕೊಂಡು ಇಳಿಯುವುದು, ಬೆವರು ಬರುವ ಮೊದಲೇ ಒಂದು ಪದರ ತೆಗೆಯುವುದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ಹೆಜ್ಜೆಗೆ ತಂಡದ ಹೆಜ್ಜೆಯನ್ನು ಹೊಂದಿಸುವುದು, ಇವೆಲ್ಲವನ್ನೂ ಉಣಕಲ್ಲಿನ ನೃಪತುಂಗ ಬೆಟ್ಟದಲ್ಲಿಯೇ ಕಲಿಯಬಹುದು. ಅದು ಚಿಕ್ಕ ಗುಡ್ಡವೆಂದು ಹುಡುಗರು ಮೂಗು ಮುರಿಯುತ್ತಾರೆ. ನಸುಕಿನಲ್ಲಿ ಹೊರೆ ಹೊತ್ತು ಬಿಡುವಿಲ್ಲದೆ ಆರು ಸಲ ಹತ್ತಿ ಇಳಿಯಲು ಹೇಳಿ ನೋಡಿ, ಮೊಣಕಾಲುಗಳು ತಾವಾಗಿಯೇ ಮಾತನಾಡುತ್ತವೆ.

ಇನ್ನು, ನಮ್ಮ ಭಾಗದವರಿಗೆ ಚಳಿಗಾಲವೆಂದರೆ ಬಂಡೆಯ ಕಾಲ ಎಂಬುದನ್ನು ನಿಮ್ಮ ಸಭೆಯಲ್ಲಿ ಯಾರೂ ಹೇಳಲಿಲ್ಲವೆಂದು ಕಾಣುತ್ತದೆ. ಹುಬ್ಬಳ್ಳಿಯಿಂದ ಗದಗ ಮಾರ್ಗದ ರೈಲು ಹತ್ತಿದರೆ ಅರ್ಧ ದಿನವೂ ಹಿಡಿಯದೆ ಬಾದಾಮಿ ತಲುಪಬಹುದು. ಅಲ್ಲಿಯ ಮರಳುಗಲ್ಲಿನ ಗೋಡೆಗಳನ್ನು ಹತ್ತಲು ದೇಶ ವಿದೇಶಗಳಿಂದ ಜನ ಬರುತ್ತಾರೆ, ನಾವು ಮಾತ್ರ ಗುಹೆ ನೋಡಿ, ಕೆರೆಯ ದಂಡೆಯಲ್ಲಿ ರೊಟ್ಟಿ ತಿಂದು ಮರಳುತ್ತೇವೆ. ಚಾಲುಕ್ಯರ ಶಿಲ್ಪಿಗಳು 578ರ ಶಾಸನವಿರುವ ಮೂರನೆಯ ಗುಹೆಯನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ. ಉಳಿಗೆ ಅಷ್ಟು ಹದವಾಗಿ ಒಲಿದ ಕಲ್ಲು ನೀರು ಕುಡಿದರೆ ದುರ್ಬಲವಾಗುತ್ತದೆ, ಒಣಗಿದಾಗ ಗಟ್ಟಿಯಾಗಿದ್ದ ಹಿಡಿಕೆ ಮಳೆಯ ಮರುದಿನ ಕೈಯಲ್ಲಿಯೇ ಮುರಿದು ಬರಬಹುದು. ನವೆಂಬರ್, ಡಿಸೆಂಬರ್‌ನಲ್ಲಿ ಚಂಡಮಾರುತದ ಮಳೆ ಬಂದರೆ ಕನಿಷ್ಠ ಎರಡು ಮೂರು ದಿನ ಬಂಡೆಯನ್ನು ಮುಟ್ಟಬೇಡಿ, ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಸ್ಮಾರಕಗಳ ಹತ್ತಿರದ ಕಲ್ಲಿಗೆ ಕೈ ಹಚ್ಚಲೇಬಾರದು. ಹೆಜ್ಜೇನಿನ ಹುಟ್ಟುಗಳು ಎಲ್ಲಿವೆ ಎಂಬುದನ್ನು ಹಿಂದಿನ ದಿನ ಸಂಜೆಯೇ ಕೆಳಗಿನಿಂದ ನೋಡಿಟ್ಟುಕೊಳ್ಳಿ, ಆ ಗೋಡೆಯ ಬುಡದಲ್ಲಿ ಹೊಗೆ, ಗದ್ದಲ, ಸುಗಂಧ ಯಾವುದೂ ಬೇಡ. ಮೊದಲ ಸಲ ತರಬೇತಿ ಪಡೆದ ಶಿಕ್ಷಕರಿಲ್ಲದೆ ಹೋಗಬೇಡಿ, ಹೋದಾಗಲೂ ಮೇಲಿನಿಂದ ಹಗ್ಗ ಬಿಟ್ಟುಕೊಂಡು ಹತ್ತುವ ವಿಧಾನದಲ್ಲಿಯೇ ಆರಂಭಿಸಿ. ಎಲ್ಲರಿಗೂ ಹೆಲ್ಮೆಟ್ ಬೇಕು, ಕೆಳಗೆ ನಿಂತು ಹಗ್ಗ ಹಿಡಿಯುವವರಿಗೂ ಸಹ.

ಹಗ್ಗದ ವಿಷಯ: ಇತಿಹಾಸ ಗೊತ್ತಿಲ್ಲದ ಹಗ್ಗದಲ್ಲಿ ಯಾರನ್ನೂ ನೇತಾಡಿಸಬಾರದು. ಹತ್ತುವಾಗ ಬಳಸುವ ಹಗ್ಗ, ಬೀಳುವವನ ಭಾರವನ್ನು ತಾನು ಹಿಗ್ಗಿ ತಡೆದುಕೊಳ್ಳುವಂತೆ ನೇಯ್ದದ್ದು. ಬಿಸಿಲು, ವಯಸ್ಸು, ಹಿಂದಿನ ಬೀಳುವಿಕೆಗಳು ಆ ಗುಣವನ್ನು ಒಳಗಿನಿಂದಲೇ ತಿಂದುಹಾಕುತ್ತವೆ. ಒಮ್ಮೆಯೂ ಬಳಸದೆ ಇಟ್ಟಿದ್ದರೂ ಹತ್ತು ವರ್ಷಕ್ಕೆ ಅದನ್ನು ತೆಗೆದುಹಾಕಬೇಕು. ಕೊಟ್ಟ ಹಿರಿಯರ ಪ್ರೀತಿಯನ್ನು ಬೇರೆ ರೀತಿಯಲ್ಲಿ ಗೌರವಿಸಿ.

ಉತ್ತರ 2 (ಗದಗಿನಿಂದ)

ಮೇಲಿನವರು ಬಾದಾಮಿಯನ್ನು ಹೇಳಿ ಕಪ್ಪತಗುಡ್ಡವನ್ನು ಬಿಟ್ಟದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಎಪ್ಪತ್ತು ಗಿರಿಗಳಿಗಿಂತ ಕಪ್ಪತಗಿರಿ ಮೇಲು ಎಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬೆಳೆದವರು. ನವೆಂಬರ್ ಕೊನೆಗೆ ಆಕಾಶ ತಿಳಿಯಾಗಿ, ಗಾಳಿ ತಣ್ಣಗಾಗಿ, ಡೋಣಿಯ ಕಡೆಯಿಂದ ಕಪ್ಪತ ಮಲ್ಲಯ್ಯನ ಗುಡಿಯತ್ತ ಏರುವಾಗ ಸಾಲು ಸಾಲು ದಿಬ್ಬಗಳು ಕಣ್ಣು ಹಾಯುವವರೆಗೆ ಕಾಣುತ್ತವೆ. ಹೊಸಬರಿಗೆ ದಿನವಿಡೀ ಏರಿಳಿಯುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಮೂರು ಜಿಲ್ಲೆಗಳಲ್ಲಿ ಇಲ್ಲವೆಂಬುದು ನನ್ನ ನಂಬಿಕೆ.

ಆದರೆ ಇದು 2019ರಲ್ಲಿ ವನ್ಯಜೀವಿಧಾಮವಾಗಿದೆ. ಕತ್ತೆಕಿರುಬ, ತೋಳ, ಚಿರತೆಗಳಿರುವ ನೆಲ. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಬರೆದು ಪಡೆಯಿರಿ, ಹೇಳಿದ ದಾರಿಯನ್ನು ಬಿಡಬೇಡಿ, ಸಂಜೆಯಾಗುವ ಮೊದಲು ಕೆಳಗಿಳಿಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಒಲೆ ಹಚ್ಚಬೇಡಿ. ಸಂಕ್ರಾಂತಿಯ ಹೊತ್ತಿಗೆ ಈ ಗುಡ್ಡದ ಹುಲ್ಲು ಎಷ್ಟು ಒಣಗಿರುತ್ತದೆಂದರೆ, ನಡೆದರೆ ಪ್ಯಾಂಟಿನ ತುಂಬ ಉತ್ತರಾಣಿ ಮುಳ್ಳು ಚುಚ್ಚಿಕೊಂಡು, ಕೈಯಲ್ಲಿ ಹಿಡಿದರೆ ಹುಲ್ಲಿನ ಕಡ್ಡಿ ಹಪ್ಪಳದಂತೆ ಮುರಿಯುತ್ತದೆ. ಒಂದು ಬೀಡಿಯ ಕಿಡಿ ಬಿದ್ದು ಗಾಳಿ ಸೇರಿದರೆ ಇಡೀ ಇಳಿಜಾರು ಸುಟ್ಟುಹೋಗುತ್ತದೆ, ಔಷಧೀಯ ಸಸ್ಯಗಳಿಗೆ ಹೆಸರಾದ ಗುಡ್ಡದಲ್ಲಿ ಸುಟ್ಟದ್ದು ಹುಲ್ಲು ಮಾತ್ರವಾಗಿರುವುದಿಲ್ಲ. ಬೇಸಿಗೆಗೆ ಮುನ್ನ ಅರಣ್ಯ ಸಿಬ್ಬಂದಿ ಬೆಂಕಿ ರೇಖೆಗಳನ್ನು, ಅಂದರೆ ಬೆಂಕಿ ಹಬ್ಬದಂತೆ ಹುಲ್ಲು ತೆಗೆದ ಪಟ್ಟಿಗಳನ್ನು, ಮಾಡುತ್ತಾರೆ. ಇಲಾಖೆ ಒಪ್ಪಿದರೆ ನಿಮ್ಮ ಹುಡುಗರು ಒಂದೆರಡು ದಿನ ಆ ಕೆಲಸಕ್ಕೆ ಕೈ ಜೋಡಿಸಲಿ. ಗುಡ್ಡವನ್ನು ಹತ್ತುವ ಸಂಘ ಗುಡ್ಡಕ್ಕಾಗಿ ಅಷ್ಟನ್ನಾದರೂ ಮಾಡಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಬುತ್ತಿಗೆ ಒಲೆಯ ಅಗತ್ಯವೇ ಇಲ್ಲ. ಕಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಳ್ಳು ಬೆಲ್ಲದ ಉಂಡೆ ಕಟ್ಟಿಕೊಂಡು ಬನ್ನಿ. ಇವು ಹಗುರ, ನಾಲ್ಕು ದಿನವಾದರೂ ಕೆಡುವುದಿಲ್ಲ. ಗಜೇಂದ್ರಗಡದ ಕಾಲಕಾಲೇಶ್ವರದ ಬೆಟ್ಟವೂ ಒಂದು ದಿನದ ಪ್ರವಾಸಕ್ಕೆ ತಕ್ಕದ್ದು.

ಉತ್ತರ 3 (ಹಾವೇರಿಯಿಂದ, ವೈದ್ಯೆ)

ನಾನು ವೃತ್ತಿಯಿಂದ ವೈದ್ಯೆ, ಹಿಮಾಲಯಕ್ಕೆ ಮೂರು ಸಲ ಹೋಗಿ ಬಂದಿದ್ದೇನೆ. ಮುಂದೆ ನಿಮ್ಮ ಸಂಘ ಹೋಗುವುದು ಖಂಡಿತವೆಂದುಕೊಂಡು ಎರಡು ವಿಷಯಗಳನ್ನು ಹೇಳುತ್ತೇನೆ.

ಸುಮಾರು 2,500 ಮೀಟರ್ ದಾಟಿದ ಮೇಲೆ ಗಾಳಿಯ ಒತ್ತಡ ಕಡಿಮೆಯಾಗಿ, ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಇಳಿಯುವುದರಿಂದ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ದಿನವೂ ಓಡುವ ಗಟ್ಟಿಮುಟ್ಟಾದ ಹುಡುಗನಿಗೆ ಬಂದು, ಐವತ್ತು ದಾಟಿದ ಶಿಕ್ಷಕರಿಗೆ ಬಾರದೆ ಇರುವುದನ್ನು ನಾನು ಕಂಡಿದ್ದೇನೆ. ತಲೆನೋವಿನೊಂದಿಗೆ ವಾಕರಿಕೆ, ವಿಪರೀತ ಸುಸ್ತು, ಹಸಿವಿಲ್ಲದಿರುವುದು ಕಂಡರೆ ಅಂದು ಮೇಲೆ ಹೋಗಬಾರದು. ಕುಳಿತಲ್ಲೇ ಏದುಸಿರು ಬಂದರೆ, ಅಥವಾ ನಡಿಗೆ ತೂರಾಡಿದರೆ, ಬೆಳಗಾಗುವವರೆಗೆ ಕಾಯದೆ ಆ ಕ್ಷಣವೇ ಕೆಳಗಿಳಿಸಬೇಕು. 3,000 ಮೀಟರಿನ ಮೇಲೆ ಒಂದು ರಾತ್ರಿ ಮಲಗಿದ ಜಾಗಕ್ಕಿಂತ ಮರುರಾತ್ರಿ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಗೆಳೆಯರು ಹೇಳಿದರೆಂದು ನುಂಗಬೇಡಿ, ವೈದ್ಯರನ್ನು ಕಂಡು, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ.

ಮೊದಲ ಉತ್ತರದಲ್ಲಿ ಬರೆದ ಹುಡುಗನಿಗೆ ಆದದ್ದು ಮೈಯ ಶಾಖ ಕುಸಿಯುವ ಸ್ಥಿತಿಯ ಆರಂಭ. ಮಾತು ತೊದಲುವುದು, ಕೈ ಹಿಡಿತ ತಪ್ಪುವುದು, ಕಾಲು ಎಡವುವುದು, ಈ ಮೂರರಲ್ಲಿ ಒಂದನ್ನು ಕಂಡರೂ ತಂಡ ನಿಲ್ಲಬೇಕು. ನಡುಗುತ್ತಿದ್ದವರ ನಡುಕ ತಾನಾಗಿಯೇ ನಿಂತರೆ ಅದು ಗುಣವಲ್ಲ, ಅಪಾಯ ಹೆಚ್ಚಿದ ಗುರುತು. ಒದ್ದೆ ಬಟ್ಟೆ ತೆಗೆದು, ಗಾಳಿಯಿಂದ ಮರೆಮಾಡಿ, ಕೆಳಗೆ ಮ್ಯಾಟ್ ಹಾಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ, ಮದ್ಯವನ್ನಂತೂ ಕೊಡಲೇಬೇಡಿ. ರಾತ್ರಿ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಿ: ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬೆಳಿಗ್ಗೆ ಮುಚ್ಚಳದ ಕಡೆ ನೀರು ಉಳಿದಿರುತ್ತದೆ.

ಉತ್ತರ 4 (ಧಾರವಾಡದಿಂದ)

ಸಂಘಕ್ಕೆ ತನ್ನದೇ ಆದ ತರಬೇತಿ ಪಡೆದ ಮುಂದಾಳು ಇಲ್ಲದಿರುವುದೇ ಮೂಲ ಕೊರತೆ. 1965ರಲ್ಲಿ ಸ್ಥಾಪನೆಯಾದ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಗೆ ಒಬ್ಬಿಬ್ಬರನ್ನಾದರೂ ಮುಂದಿನ ವರ್ಷ ಕಳುಹಿಸಿ. ಅಲ್ಲಿಯ ಪ್ರಾಥಮಿಕ ತರಬೇತಿ 28 ದಿನಗಳದ್ದು, ಅದರಲ್ಲಿ ಎ ಶ್ರೇಣಿ ಪಡೆದವರು ಮುಂದಿನ ಹಂತಕ್ಕೆ ಹೋಗಬಹುದು. ಹೆಣ್ಣುಮಕ್ಕಳ ಮನೆಯವರು ಹಿಂಜರಿದರೆ, 1984ರಲ್ಲಿ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಕಲಿತದ್ದು ಅಲ್ಲಿಯೇ ಎಂದು ಹೇಳಿ. ನನ್ನ ತಂದೆ ಒಪ್ಪಿದ್ದು ಆ ಮಾತಿನಿಂದಲೇ.

ಪ್ರಶ್ನೆ ಕೇಳಿದವರಿಂದ

ನಾಲ್ವರಿಗೂ ಕೃತಜ್ಞನಾಗಿದ್ದೇನೆ. ನಿಮ್ಮ ಉತ್ತರಗಳನ್ನು ನಿನ್ನೆಯ ಸಭೆಯಲ್ಲಿ ಅಕ್ಷರ ಬಿಡದೆ ಓದಿದೆ. ಬೂಟಿನ ದಾರದ ಪ್ರಸಂಗ ಬಂದಾಗ ಯಾರೂ ಮಾತನಾಡಲಿಲ್ಲ. ಕೇದಾರಕಂಠವನ್ನು ಮಾರ್ಚ್‌ಗೆ ಮುಂದೂಡಿದ್ದೇವೆ, ಅಲ್ಲಿಯವರೆಗಿನ ಅಭ್ಯಾಸಗಳಲ್ಲಿ ಮುಕ್ಕಾಲು ಪಾಲಿಗಾದರೂ ಬಂದವರು ಮಾತ್ರ ಹೋಗಬೇಕೆಂದು ಹುಡುಗರೇ ನಿಯಮ ಮಾಡಿಕೊಂಡರು. ಡಿಸೆಂಬರ್‌ನ ಪ್ರತಿ ಭಾನುವಾರ ನಸುಕಿನ ಐದಕ್ಕೆ ನೃಪತುಂಗ ಬೆಟ್ಟ, ಅನುಮತಿ ದೊರೆತರೆ ತಿಂಗಳ ಕೊನೆಗೆ ಕಪ್ಪತಗುಡ್ಡ, ಜನವರಿಯಲ್ಲಿ ಶಿಕ್ಷಕರೊಬ್ಬರನ್ನು ಕರೆದುಕೊಂಡು ಬಾದಾಮಿ. ಬೆಂಕಿ ರೇಖೆಯ ಕೆಲಸಕ್ಕಾಗಿ ಅರಣ್ಯ ಇಲಾಖೆಗೆ ಪತ್ರ ಬರೆದಿದ್ದೇವೆ.

ಸಭೆ ಮುಗಿದ ಮೇಲೆ ಎರಡೂ ಹಗ್ಗಗಳನ್ನು ಬಿಚ್ಚಿ, ಇಬ್ಬರು ಕುಳಿತು ಗೇಣು ಗೇಣಾಗಿ ಬೆರಳುಗಳ ನಡುವೆ ಹಾಯಿಸಿ ನೋಡಿದೆವು. ಹೊರಗಿನ ಹೊದಿಕೆ ಚೆನ್ನಾಗಿಯೇ ಕಾಣುತ್ತಿದ್ದರೂ, ಮೊದಲನೆಯದರಲ್ಲಿ ಒಂದು ಕಡೆ ಒಳಗಿನ ಎಳೆಗಳು ಸರಿದು ಹಗ್ಗ ಚಪ್ಪಟೆಯಾಗಿ ಮೆತ್ತಗಾಗಿತ್ತು. ಕೊಟ್ಟ ಹಿರಿಯರಿಗೆ ಫೋನ್ ಮಾಡಿ ತಿಳಿಸಿ, ಅವರ ಒಪ್ಪಿಗೆ ಪಡೆದು, ಎರಡನ್ನೂ ಎರಡೆರಡು ಮೀಟರಿನ ತುಂಡುಗಳಾಗಿ ಕತ್ತರಿಸಿದೆವು. ಈಗ ಒಬ್ಬೊಬ್ಬ ಸದಸ್ಯನ ಚೀಲದಲ್ಲಿ ಒಂದೊಂದು ತುಂಡು ಇದೆ, ಗಂಟುಗಳನ್ನು ಅಭ್ಯಾಸ ಮಾಡಲು. ಹಿರಿಯರು ಮುಂದಿನ ಭಾನುವಾರ ತಾವೇ ಬಂದು ಮೊದಲ ಗಂಟನ್ನು ಕಲಿಸುವುದಾಗಿ ಹೇಳಿದ್ದಾರೆ.